ಮುಯ್ಯಿ ಪಾತ್ರೆಯೂ ಒರೆಸುವ ಬಟ್ಟೆಯೂ

ಹರದನಹಳ್ಳಿಯ ಗುರುಮಲ್ಲಯ್ಯನವರ ಸೀಮೆಎಣ್ಣೆ ಎಂಜಿನ್ ಯಾಕೆ ಓಡುತ್ತಿಲ್ಲ ಎಂಬ ಪ್ರಶ್ನೆಗೆ ಚಾಮರಾಜನಗರದ ಮೂವರು ಮೆಕ್ಯಾನಿಕ್‌ಗಳು ಮೂರು ಉತ್ತರ ಕೊಟ್ಟಿದ್ದರು. ಒಬ್ಬ ಪ್ಲಗ್ಗು ಅಂದ. ಇನ್ನೊಬ್ಬ ಪಿಸ್ಟನ್ನು ಅಂದ. ಮೂರನೆಯವನು ಎಂಜಿನ್ನಿಗೆ ಒಂದು ಪ್ರದಕ್ಷಿಣೆ ಹಾಕಿ, ಏನೂ ಹೇಳದೆ ಗುಜರಿ ಅಂಗಡಿಯವನ ಫೋನ್ ನಂಬರ್ ಕೊಟ್ಟು ಹೋದ. ನಾಲ್ಕನೆಯ ಉತ್ತರ ಗುರುಪಾದಸ್ವಾಮಿಯದು. ಅವನು ಐದು ಸಲ ಬಿಚ್ಚಿ, ಐದು ಸಲ ಜೋಡಿಸಿ, ಆರನೆಯ ಸಲ ಭೂತಗನ್ನಡಿ ಹಿಡಿದು ಕೂತು ಕಾರಣ ಕಂಡುಹಿಡಿದ. ಕಾರಣ ಒರೆಸುವ ಬಟ್ಟೆ.

ಗುರುಪಾದಸ್ವಾಮಿ ಚಾಮರಾಜನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಲ್ಯಾಬ್ ಅಸಿಸ್ಟೆಂಟ್. ಇಪ್ಪತ್ತು ವರ್ಷ ವಿದ್ಯಾರ್ಥಿಗಳು ಕೆಡಿಸಿದ ಉಪಕರಣಗಳನ್ನು ಸರಿಮಾಡುತ್ತಾ ಬಂದವನಿಗೆ, ಮನೆಯಲ್ಲೇ ಒಂದು ವರ್ಕ್‌ಶಾಪ್ ಮಾಡಬೇಕೆಂಬ ಆಸೆ ಹುಟ್ಟಿದ್ದು ಸಹಜ. ಮನೆ ಪಕ್ಕದಲ್ಲೇ ಒಂದು ಶೆಡ್ಡಿತ್ತು. ಅದು ಹೆಂಡತಿ ರೂಪಶ್ರೀಯ ಸೋದರಮಾವ ಗುರುಮಲ್ಲಯ್ಯನವರದು. ಹಿಂದೆ ಸಂತೆಗೆ ಗಾಡಿ ಕಟ್ಟಿಕೊಂಡು ಬಂದಾಗ ಎತ್ತು ಕಟ್ಟಲು ಮಾಡಿಸಿದ್ದು. ಈಗ ಎತ್ತೂ ಇಲ್ಲ, ಗಾಡಿಯೂ ಇಲ್ಲ. ಗುರುಮಲ್ಲಯ್ಯನವರು ಶೆಡ್ಡನ್ನು ಕೊಡುವಾಗ, ಕೆಟ್ಟುಹೋದ ಎಂಜಿನ್ನನ್ನು ಅದರೊಳಗೆ ಇಳಿಸಿ, ಒಂದೇ ಷರತ್ತು ಹಾಕಿದ್ದರು.

"ನೋಡಿ ಅಳೀಮಯ್ಯ, ನನ್ ಎಂಜಿನ್ ಎಂಟು ವರ್ಷದಿಂದ ಬಾಯಿ ಬುಟ್ಟಿಲ್ಲ. ಬರೋ ಅಮಾಸೆ ಒಳಗೆ ಅದು ಕೂಗ್ಬೇಕು. ಕೂಗ್ತಾ, ಶೆಡ್ ನಿಮ್ದು. ಕೂಗ್ಲಿಲ್ವಾ, ಬೀಗ ನಂದು. ಆಡಿದ ಮಾತಿಗೆ ನಾನು ತಪ್ಪಲ್ಲ, ನೀವೂ ತಪ್ಬೇಡಿ."

ಅಮಾವಾಸ್ಯೆ ಭಾನುವಾರ ಬಿದ್ದಿತ್ತು. ಕಾರಣ ತಿಳಿದದ್ದು ಬುಧವಾರ.

ಕಾರಣ ಇಷ್ಟೇ: ಎಂಜಿನ್ನಿನ ಕಾರ್ಬುರೇಟರ್‌ನಲ್ಲಿ ಎಣ್ಣೆ ಹಾಯುವ ರಂಧ್ರ ಸಾಸಿವೆ ಕಾಳಿನ ಕಾಲು ಭಾಗದಷ್ಟಿರುತ್ತದೆ. ಗುರುಪಾದಸ್ವಾಮಿ ಅದನ್ನು ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದ. ಒರೆಸಿದಷ್ಟೂ ಬಟ್ಟೆಯ ಜುಂಗು ಅದರೊಳಗೆ ಸೇರಿಕೊಳ್ಳುತ್ತಿತ್ತು. ಅಂದರೆ ಎಂಟು ವರ್ಷದ ಕೊಳೆಯನ್ನು ಅವನು ಮೊದಲ ದಿನವೇ ತೆಗೆದಿದ್ದ. ಆಮೇಲಿನದೆಲ್ಲ ಅವನೇ ತುಂಬಿದ್ದು.

ಬೇಕಾದದ್ದು ನೂರಾರು ಸಲ ಒಗೆದು ಮೆತ್ತಗಾದ, ಜುಂಗು ಬಿಡದ, ಅಪ್ಪಟ ಹತ್ತಿಯ ಬಟ್ಟೆ. ಅದೂ ಅಗ್ಗಕ್ಕೆ. ಒರೆಸಿ ಎಸೆಯುವ ವಸ್ತುವಿಗೆ ದುಡ್ಡು ಸುರಿಯುವುದು ಗುರುಪಾದಸ್ವಾಮಿಯ ಜಾಯಮಾನವಲ್ಲ.

ಮೊದಲು ಹಾರ್ಡ್‌ವೇರ್ ಅಂಗಡಿಗೆ ಹೋದ. ಅಲ್ಲಿ ಬನಿಯನ್ ವೇಸ್ಟ್ ಎಂದು ಮೂಟೆಯಲ್ಲಿ ತುಂಡು ಬಟ್ಟೆ ಮಾರುತ್ತಿದ್ದರು. ಕೇಳಿದ ಬೆಲೆಗೆ ಒಳ್ಳೆ ಸಣ್ಣಕ್ಕಿ ಬರುತ್ತಿತ್ತು. ಆದರೂ ಮೊದಲು ಪರೀಕ್ಷೆ, ಆಮೇಲೆ ಚೌಕಾಸಿ ಎಂದುಕೊಂಡು ಒಂದು ಎಳೆ ಕಿತ್ತು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಗೀರಿದ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಇದು ವಿಜ್ಞಾನ. ಅಂಗಡಿಯವನಿಗೆ ಕಂಡದ್ದು ವಿಜ್ಞಾನವಲ್ಲ.

"ಅಯ್ಯಯ್ಯೋ, ಆರ್ಸಿ ಸ್ವಾಮಿ ಆರ್ಸಿ! ನಿಮ್ ಬೆನ್ ಇಂದೆ ತಿನ್ನರ್ ಡ್ರಮ್ ಅದೆ ಕಣ್ರೀ!"

"ಇದು ಕರಗ್ತಾ ಇದೆ," ಎಂದ ಗುರುಪಾದಸ್ವಾಮಿ, ಎಳೆಯನ್ನೇ ನೋಡುತ್ತಾ. "ನಿಮ್ಮ ಮಾಲಲ್ಲಿ ಪಾಲಿಯೆಸ್ಟರ್ ಬೆರಕೆ ಇದೆ."

ಅಂಗಡಿಯವನು ಅವನನ್ನು ತೋಳು ಹಿಡಿದು ರಸ್ತೆಯವರೆಗೂ ಬಿಟ್ಟುಬಂದ.

ಮನೆಯಲ್ಲಿ ಹುಡುಕಿದರೆ ಇದ್ದದ್ದೆಲ್ಲ ಮಿಂಚುವ ಸೀರೆ, ಜಾರುವ ನೈಟಿ, ಇಸ್ತ್ರಿ ಬೇಡದ ಪ್ಯಾಂಟು. ಇಡೀ ಬೀರುವಿನಲ್ಲಿ ಹತ್ತಿ ಎನ್ನುವುದು ದೀಪದ ಬತ್ತಿಯಲ್ಲಿ ಮಾತ್ರ ಉಳಿದಿತ್ತು. ರೂಪಶ್ರೀ ಪ್ರೈಮರಿ ಸ್ಕೂಲ್ ಟೀಚರ್. ಅವಳಿಗೆ ಗುಂಡ್ಲುಪೇಟೆಯಲ್ಲಿ ಶನಿವಾರದವರೆಗೆ ತರಬೇತಿಯಿತ್ತು. ಹಂಗಳದ ದೊಡ್ಡಮ್ಮನ ಮನೆಯಲ್ಲಿ ಉಳಿದುಕೊಳ್ಳಲು ಚೀಲ ತುಂಬುತ್ತಿದ್ದವಳು ಹೇಳಿದಳು:

"ಇದ್ದ ಹಳೇ ಬಟ್ಟೆಯೆಲ್ಲ ಮೂಗಮ್ಮಂಗೆ ಹಾಕಿ ಟೀ ಸೋಸೋ ಜಾಲರಿ ತಗೊಂಡೆ, ರೀ. ನಂಗೇನು ಗೊತ್ತಿತ್ತು, ನಿಮ್ಮ ಎಂಜಿನ್ನಿಗೆ ನಿಮ್ಮ ಬನಿಯನ್ನೇ ಬೇಕು ಅಂತ?"

ಮೂಗಮ್ಮ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು. ವಾರಕ್ಕೊಮ್ಮೆ ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ತುಂಬ ಕೂಗಿಕೊಂಡು ಬರುತ್ತಾಳೆ. ರೂಪಶ್ರೀ ಬಸ್ಸು ಹತ್ತಿದ ಮೇಲೆ ಗುರುಪಾದಸ್ವಾಮಿ ಅವಳನ್ನು ಬೀದಿಯ ತಿರುವಿನಲ್ಲಿ ಹಿಡಿದ. ಅವಳ ಗಂಟಿನಲ್ಲಿ, ಒಂದು ಮೂಲೆಯಲ್ಲಿ, ಹಾಲಿನ ಕೆನೆಯಂಥ ಹಳೆಯ ಹತ್ತಿ ಸೀರೆಯೊಂದು ಇಣುಕುತ್ತಿತ್ತು.

"ಮೂಗಮ್ಮ, ಆ ಸೀರೆ ನಂಗೆ ಮಾರ್ತೀಯಾ?"

ಮೂಗಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸೀರೆ ಯಾರ್ಗೆ ಬುದ್ದಿ?"

"ಎಂಜಿನ್ನಿಗೆ."

"ಉಂಟಾ!" ಅಂದಳು ಮೂಗಮ್ಮ. ಅವಳ ಅನುಭವದಲ್ಲಿ ಗಂಡಸರು ಸೀರೆಗೆ ಕೊಡುವ ಕಾರಣಗಳಲ್ಲಿ ಇದು ಹೊಸದು. "ನಾನು ಬಟ್ಟೆ ಮಾರಲ್ಲ ಬುದ್ದಿ. ಮೂಟೆ ಲೆಕ್ಕದಲ್ಲಿ ಸಾವ್ಕಾರ್ರಿಗೆ ಹೋಯ್ತದೆ. ನಿಮ್ಗೆ ಬಟ್ಟೆ ಬೇಕೂಂದ್ರೆ ನನ್ನಂಗೆ ಪಾತ್ರೆ ಹೊತ್ಕಂಡು ಬೀದಿ ಸುತ್ತಿ. ಕಷ್ಟ ಗೊತ್ತಾಯ್ತದೆ."

ಅವಳು ಹೇಳಿದ್ದು ವ್ಯಂಗ್ಯಕ್ಕೆ. ಗುರುಪಾದಸ್ವಾಮಿ ಅದನ್ನು ಸಲಹೆಯೆಂದು ತೆಗೆದುಕೊಂಡ. ಮನೆಗೆ ಬಂದವನು ನೇರವಾಗಿ ಅಟ್ಟ ಹತ್ತಿದ.

ಅಟ್ಟದ ಮೇಲೆ ಮೂರು ಗೋಣಿಚೀಲ ತುಂಬ ಪಾತ್ರೆಗಳಿದ್ದವು. ಇಪ್ಪತ್ತೆರಡು ವರ್ಷದ ಹಿಂದೆ ಅವರ ಮದುವೆಯಲ್ಲಿ ನೆಂಟರು ಮುಯ್ಯಿಯೆಂದು ಉಡುಗೊರೆ ಕೊಟ್ಟವು. ಕೊಳಗ, ಡಬರಿ, ಚೊಂಬು, ತಟ್ಟೆ, ಒಂದಕ್ಕೂ ಒಲೆಯ ಬಿಸಿ ತಾಗಿರಲಿಲ್ಲ. ಪ್ರತಿಯೊಂದರ ಕಂಠದಲ್ಲೂ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಕೊಟ್ಟವರ ಹೆಸರು, ಊರು. "ಇವು ಜಾಗ ತಿಂತವೆ, ಯಾರಿಗಾದ್ರೂ ಕೊಟ್ಟುಬಿಡ್ಬೇಕು" ಎಂದು ರೂಪಶ್ರೀ ಪ್ರತಿ ಯುಗಾದಿಗೂ ಧೂಳು ಹೊಡೆಯುವಾಗ ಹೇಳುತ್ತಿದ್ದಳು. ಇಪ್ಪತ್ತೆರಡು ಸಲ ಹೇಳಿದ ಮಾತನ್ನು ಅನುಮತಿ ಎಂದು ಭಾವಿಸಿದ ಗಂಡನನ್ನು ಯಾವ ನ್ಯಾಯಾಲಯವೂ ಶಿಕ್ಷಿಸಲಾರದು. ಹೆಂಡತಿಯ ವಿಷಯ ಬೇರೆ.

ಗುರುವಾರ ಬೆಳಿಗ್ಗೆ ಒಂದು ಚೀಲವನ್ನು ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಹೊರಟ. ಕೂಗಲು ನಾಚಿಕೆಯಾಗಿ ಮೊದಲು ಎದುರು ಮನೆಯ ಚಿಕ್ಕಬಸಮ್ಮನ ಬಾಗಿಲಿಗೇ ಹೋದ. ಚಿಕ್ಕಬಸಮ್ಮನ ಮಾವ ಬದುಕಿದ್ದಷ್ಟು ಕಾಲ ಪಂಚೆ ಬಿಟ್ಟು ಬೇರೇನೂ ಉಟ್ಟವರಲ್ಲ. ಹಾಗಾಗಿ ಅವನ ಲೆಕ್ಕಾಚಾರ ತಪ್ಪಿರಲಿಲ್ಲ.

"ಹಳೇ ಬಟ್ಟೆ ಇದ್ರೆ ಕೊಡಿ ಚಿಕ್ಕಬಸಮ್ಮ. ಪಾತ್ರೆ ಕೊಡ್ತೀನಿ."

ಚಿಕ್ಕಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಯಾಕ್ ಸ್ವಾಮಣ್ಣ, ಕಾಲೇಜಲ್ಲಿ ಕೆಲ್ಸ ತೆಗ್ದುಬುಟ್ರಾ?"

"ಇಲ್ಲ, ರಜ."

"ಅಂಗಾರೆ ರೂಪ ಮೇಡಂ? ನೆನ್ನೆಯಿಂದ ಕಾಣ್ಲಿಲ್ಲ?"

"ಹಂಗಳಕ್ಕೆ ಹೋಗಿದಾಳೆ."

ಕೆಲಸವಿಲ್ಲದೆ ಮನೆಯಲ್ಲಿರುವ ಗಂಡ, ತವರಿನ ಕಡೆಗೆ ಹೋದ ಹೆಂಡತಿ, ಬೀದಿಗೆ ಬಂದ ಪಾತ್ರೆ. ಚಿಕ್ಕಬಸಮ್ಮ ಮೂರನ್ನೂ ಕೂಡಿಸಿ, ನಿಟ್ಟುಸಿರು ಬಿಟ್ಟು, ಒಳಗೆ ಹೋಗಿ ದೊಡ್ಡ ಗಂಟೊಂದನ್ನು ತಂದಳು. ಕಷ್ಟಕಾಲದಲ್ಲಿ ನೆರೆಯವರಿಗೆ ಆಗಬೇಕಲ್ಲ. ಆದರೂ ವ್ಯಾಪಾರ ವ್ಯಾಪಾರವೇ. ಚೀಲದಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕೊಳಗವನ್ನು ಬೆರಳಿನಿಂದ ಬಡಿದು ನಾದ ಕೇಳಿ, ಅದನ್ನೇ ಎತ್ತಿಕೊಂಡಳು. ಅದರ ಕಂಠದಲ್ಲಿ ಬರೆದದ್ದು "ಗುರುಮಲ್ಲಯ್ಯ, ಹರದನಹಳ್ಳಿ, ಪ್ರೀತಿಯ ಕಾಣಿಕೆ." ಗುರುಪಾದಸ್ವಾಮಿ ಅದನ್ನು ಓದಲಿಲ್ಲ. ಅವನ ಕಣ್ಣೆಲ್ಲ ಗಂಟಿನ ಮೇಲಿತ್ತು.

ಬೀದಿಯ ಕೊನೆಯಲ್ಲಿ ನಿಂತು ಗಂಟು ಬಿಚ್ಚಿದ. ಮೇಲೊಂದು ಪಂಚೆಯ ತುಂಡು ಮಾತ್ರ ಅಪ್ಪಟ ಹತ್ತಿ, ಅದೂ ಕರವಸ್ತ್ರದಷ್ಟು. ಅದರ ಕೆಳಗೆ ಪರದೆ, ಚೂಡಿದಾರ್, ಯಾವುದೋ ಪಕ್ಷದ ಬ್ಯಾನರ್. ಒಂದೊಂದರಿಂದಲೂ ಎಳೆ ಕಿತ್ತು ಸುಟ್ಟು ನೋಡಿದ. ಎಲ್ಲ ಮಣಿಯಾದವು. ಐದನೆಯ ಕಡ್ಡಿ ಗೀರುವಾಗ ಪೊಲೀಸ್ ಕಾನ್‌ಸ್ಟೇಬಲ್ ಒಬ್ಬ ಬೈಕ್ ನಿಲ್ಲಿಸಿದ.

"ಏನ್ ಸಾರ್ ಸುಡ್ತಾ ಇದೀರಿ?"

"ಎಳೆ."

"ಚೀಲದಲ್ಲೇನು?"

"ಪಾತ್ರೆ."

ಕಾನ್‌ಸ್ಟೇಬಲ್ ಒಂದು ಚೊಂಬು ತೆಗೆದು ಓದಿದ. ಒಂದು ತಟ್ಟೆ ತೆಗೆದು ಓದಿದ. ಒಂದು ಡಬರಿ ತೆಗೆದು ಓದಿದ. ಅವನ ಹುಬ್ಬು ಒಂದೊಂದು ಪಾತ್ರೆಗೂ ಒಂದೊಂದು ನೂಲು ಮೇಲಕ್ಕೆ ಹೋಯಿತು.

"ನಿಮ್ ಹೆಸ್ರು?"

"ಗುರುಪಾದಸ್ವಾಮಿ."

"ಇದ್ರಲ್ಲಿ ಒಂದ್ ಪಾತ್ರೆ ಮೇಲೂ ನಿಮ್ ಹೆಸ್ರಿಲ್ವಲ್ಲ ಸಾರ್. ಹಂಗಳ, ಪುಣಜನೂರು, ಎಲ್ಲಾ ಊರೂ ಅದೆ. ಒಂದ್ ರಾತ್ರೀಲಿ ಇಷ್ಟ್ ಊರು ಸುತ್ತಿದ್ರಾ?"

"ಇವು ಮುಯ್ಯಿ ಪಾತ್ರೆ! ಕೊಟ್ಟೋರ ಹೆಸರಿರ್ತದೆ, ತಗೊಂಡೋರದ್ದಲ್ಲ!"

"ಅದ್ನ ಸ್ಟೇಷನ್ನಲ್ಲಿ ಹೇಳುವ್ರಂತೆ ಬನ್ನಿ."

ಗುರುಪಾದಸ್ವಾಮಿಗೆ ಸಾಕ್ಷ್ಯವಿಲ್ಲದ ವಾದ ಇಷ್ಟವಿರಲಿಲ್ಲ. "ಈಗಲೇ ಸಾಬೀತು ಮಾಡ್ತೀನಿ," ಎಂದು ಡಬರಿಯ ಮೇಲಿದ್ದ ಹೆಸರಿಗೇ ಫೋನ್ ಹಚ್ಚಿ, ಸ್ಪೀಕರ್ ಹಾಕಿದ. ಹೆಸರು ದೊಡ್ಡಮಲ್ಲಮ್ಮ, ಹಂಗಳ. ರೂಪಶ್ರೀ ಉಳಿದುಕೊಂಡಿದ್ದ ದೊಡ್ಡಮ್ಮ ಅವರೇ. ಗುರುಮಲ್ಲಯ್ಯನವರ ಅಕ್ಕನೂ ಹೌದು.

"ದೊಡ್ಡಮ್ಮ, ನಮ್ಮ ಮದುವೇಲಿ ಡಬರಿ ಕೊಟ್ಟಿದ್ದು ನೀವೇ ತಾನೇ? ಜೋರಾಗಿ ಹೇಳಿ, ಇಲ್ಲಿ ಪೊಲೀಸ್ನೋರು ಕೇಳ್ತಾವ್ರೆ."

"ಊ ಕಣಪ್ಪ, ನಾನೇ ಕೊಟ್ಟಿದ್ದು. ಯಾಕಪ್ಪ, ಪೊಲೀಸ್ನೋರು? ಕಳ್ಳತನ ಆಯ್ತಾ?"

"ಇಲ್ಲ ಇಲ್ಲ. ಹಳೇ ಬಟ್ಟೆಗೆ ಹಾಕ್ತಾ ಇದ್ದೆ, ಅಷ್ಟೇ."

ಅತ್ತ ಕಡೆ ಎಲ್ಲೋ ಒಂದು ಕೋಳಿ ಕೂಗಿತು. ಆಮೇಲೆ ದೊಡ್ಡಮಲ್ಲಮ್ಮ ಕೇಳಿದರು, ಬಹಳ ಮೆಲ್ಲಗೆ: "ನನ್ ಡಬರೀನ... ಅಳೇ ಬಟ್ಟೆಗಾ?"

ಲೈನ್ ಕಟ್ಟಾಯಿತು. ಕಾನ್‌ಸ್ಟೇಬಲ್ ಡಬರಿಯನ್ನು ಚೀಲದೊಳಗೆ ಜೋಪಾನವಾಗಿ ಇಟ್ಟ. "ನೀವ್ ಕಳ್ಳ ಅಲ್ಲ ಸಾರ್. ಆದ್ರೆ ಕಳ್ಳ ಆಗಿದ್ರೇ ವಾಸಿಯಾಗಿತ್ತು ಅನ್ಸುತ್ತೆ," ಎಂದು ಹೇಳಿ ಹೊರಟುಹೋದ.

ಇಲ್ಲಿ ಒಂದು ಮಾತು ಹೇಳಬೇಕು. ರೂಪಶ್ರೀಯ ಬಳಗದಲ್ಲಿ ಮುಯ್ಯಿ ಪಾತ್ರೆಯೆಂದರೆ ಪಾತ್ರೆಯಲ್ಲ, ನಂಟು. ಅದನ್ನು ಬಳಸಬೇಕೆಂದಿಲ್ಲ, ನೋಡಬೇಕೆಂದೂ ಇಲ್ಲ. ಅಟ್ಟದ ಮೇಲೆ ಜಿರಳೆಗಳಿಗೆ ಬಿಟ್ಟುಕೊಟ್ಟರೂ ಯಾರೂ ಕೇಳುವುದಿಲ್ಲ. ಆದರೆ ಹೊಸ್ತಿಲು ದಾಟಿಸಿ ಪರರಿಗೆ ಕೊಟ್ಟರೆ ಕೊಟ್ಟವರ ಜೊತೆ ನಂಟು ಹರಿದುಕೊಂಡಂತೆ. ಹಾಗೆ ಹರಿದುಕೊಂಡವರಿಗೆ, ಅವರಿಂದ ಬಂದ ಮುಯ್ಯಿ ಪಾತ್ರೆಯನ್ನು ಮರ್ಯಾದೆಯಾಗಿ ಬಟ್ಟೆಯಲ್ಲಿ ಸುತ್ತಿ ವಾಪಸ್ ಕಳಿಸುವುದು ರೂಢಿ. ಗುರುಪಾದಸ್ವಾಮಿಗೆ ಈ ರೂಢಿ ಗೊತ್ತಿರಲಿಲ್ಲ. ಅವನಿಗೆ ಓಮ್‌ನ ನಿಯಮ ಗೊತ್ತಿತ್ತು.

ಸಂಜೆ ರೂಪಶ್ರೀಯ ಫೋನ್ ಬಂತು.

"ರೀ, ಏನ್ರೀ ಮಾಡಿದ್ರಿ? ದೊಡ್ಡಮ್ಮ ಮಧ್ಯಾಹ್ನದಿಂದ ಊಟ ಮಾಡಿಲ್ಲ. ಫ್ಯಾಮಿಲಿ ಗ್ರೂಪಲ್ಲಿ ನಾಲ್ಕು ವಾಯ್ಸ್ ಮೆಸೇಜ್ ಹಾಕವ್ರೆ, ನಾಲ್ಕರಲ್ಲೂ ಅಳ್ತಾವ್ರೆ."

"ನೀನೇ ಹೇಳಿದ್ಯಲ್ಲ, ಯಾರಿಗಾದ್ರೂ ಕೊಟ್ಬಿಡ್ಬೇಕು ಅಂತ."

"ಹೇಳೋದು ಬೇರೆ, ಕೊಡೋದು ಬೇರೆ! ನೋಡಿ, ಎಲ್ಲರೂ ಪಾತ್ರೆ ವಾಪಸ್ ಕೊಡೋಕೆ ಬರ್ತಾರೆ. ಶನಿವಾರದವರೆಗೆ ನನ್ನ ಇಲ್ಲಿಂದ ಬಿಡಲ್ಲ. ಯಾರು ಬಂದ್ರೂ ಪಾತ್ರೆ ಮಾತ್ರ ಮುಟ್ಬೇಡಿ. ಕೈ ಮುಗಿದು, ಪಾತ್ರೆ ಬೇಡ, ವಾಪಸ್ ತಗೊಂಡು ಹೋಗಿ ಅನ್ನಿ. ಅಷ್ಟು ಮಾಡ್ತೀರಾ?"

"ಮಾಡ್ತೀನಿ," ಎಂದ ಗುರುಪಾದಸ್ವಾಮಿ. ಅವನು ಮಾತು ಕೊಟ್ಟರೆ ಅಕ್ಷರಶಃ ನಡೆಸುವವನು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಪುಣಜನೂರಿನಿಂದ ಸಾಗರ್ ಬಂದ. ಅವನು ರೂಪಶ್ರೀಯ ಚಿಕ್ಕಪ್ಪನ ಮಗ. ಬೈಕ್ ಇಳಿಯುವ ಮೊದಲೇ ಅವನ ಮುಖದಲ್ಲಿ, ತನಗೆ ಈ ಕೆಲಸ ಇಷ್ಟವಿಲ್ಲ ಎಂಬುದು ಕಾಣುತ್ತಿತ್ತು.

"ಭಾವ, ಅಪ್ಪ ಕೊಟ್ಟು ಬಾ ಅಂದ್ರು. ನನ್ ಸ್ವಂತ ಅಕ್ಕನ ಮದ್ವೇಲಿ ನೀವು ಮುಯ್ಯಿ ಮಾಡಿದ್ದ ಬೇಸಿನ್ನು. ಒಳೀಕ್ ಕಾಲಿಡ್ಬೇಡ ಅಂದವ್ರೆ, ಅದ್ಕೆ ಇಲ್ಲೇ ನಿಂತಿವ್ನಿ. ಕ್ವಾಪ ಮಾಡ್ಕಬೇಡಿ."

ಗುರುಪಾದಸ್ವಾಮಿ ಕೈ ಮುಗಿದ. "ಪಾತ್ರೆ ಬೇಡ ಸಾಗರ್. ವಾಪಸ್ ತಗೊಂಡು ಹೋಗಿ," ಎಂದ. ಅಷ್ಟರಲ್ಲಿ ಅವನ ಕಣ್ಣು ಬೇಸಿನ್ನಿಗೆ ಸುತ್ತಿದ್ದ ಬಟ್ಟೆಯ ಮೇಲೆ ಬಿತ್ತು. ಹಳೆಯ ಬಿಳಿ ಪಂಚೆ. ನೂರು ಸಲ ಅಲ್ಲ, ಐನೂರು ಸಲ ಒಗೆದದ್ದು. ಬೆರಳಿನಿಂದ ಮುಟ್ಟಿದ. ನಾಲಿಗೆಯಿಂದ ಬೆರಳು ಒದ್ದೆ ಮಾಡಿಕೊಂಡು ಒತ್ತಿದ. ನೀರು ಒಂದೇ ಕ್ಷಣದಲ್ಲಿ ಹೀರಿಹೋಯಿತು.

"ಈ ಬಟ್ಟೆ ಯಾರದ್ದು?"

"ತಾತುಂದು. ಯಾಕ್ ಭಾವ?"

"ಪಾತ್ರೆ ತಗೊಂಡು ಹೋಗು. ಬಟ್ಟೆ ಬಿಟ್ಟು ಹೋಗು."

"ಅಂಗಂದ್ರೆ?"

"ನಿಮ್ಮಕ್ಕ ಪಾತ್ರೆ ಮಾತ್ರ ಬೇಡ ಅಂದಿದಾಳೆ. ಬಟ್ಟೆ ವಿಷಯ ಏನೂ ಹೇಳಿಲ್ಲ."

ಸಾಗರ್ ಬೆತ್ತಲೆ ಬೇಸಿನ್ನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡು, ಪೇಟೆಯ ನಡುವೆ ಹಾದು, ಎಲ್ಲರೂ ನೋಡುವಂತೆ ಪುಣಜನೂರಿಗೆ ವಾಪಸ್ ಹೋದ. ಸುತ್ತಿದ ಬಟ್ಟೆಯನ್ನು ಕಿತ್ತುಕೊಂಡು ಬರಿಮೈ ಪಾತ್ರೆಯನ್ನು ಬೀದಿಗಟ್ಟುವುದಕ್ಕಿಂತ ದೊಡ್ಡ ಅವಮಾನವನ್ನು ಆ ಬಳಗ ಅದುವರೆಗೆ ಕಂಡಿರಲಿಲ್ಲ. ಸುದ್ದಿ ಬೈಕಿಗಿಂತ ಮುಂಚೆ ಊರು ಸೇರಿತು.

ಅವಮಾನಿತರಾದ ನೆಂಟರು ಏನು ಮಾಡಬೇಕಿತ್ತು? ಮನೆಯಲ್ಲಿರಬೇಕಿತ್ತು. ಆದರೆ ಆ ಬಳಗದ ಛಲವೂ ಸಾಮಾನ್ಯದ್ದಲ್ಲ. "ಅವ್ನು ಈಸ್ಕಳ್ದೆ ಎಂಗಿರ್ತನೆ ನೋಡನ" ಎಂದು ಒಬ್ಬರಾದ ಮೇಲೆ ಒಬ್ಬರು ಬಂದರು. ಹಂಗಳದ ದೊಡ್ಡಮಲ್ಲಮ್ಮನವರೂ ಮಗನ ಕೈಯಲ್ಲಿ ಪಾತ್ರೆ ಕಳಿಸಿದರು. ಬಂದವರೆಲ್ಲರ ಪಾತ್ರೆಯೂ ಹಳೇ ಬಟ್ಟೆಯಲ್ಲೇ ಸುತ್ತಿತ್ತು. ಹೊಸ ಬಟ್ಟೆಯಲ್ಲಿ ಸುತ್ತಿ ಕೊಡುವಷ್ಟು ಪ್ರೀತಿ ಈಗ ಯಾರಿಗಿದೆ? ಗುರುಪಾದಸ್ವಾಮಿ ಎಲ್ಲರಿಗೂ ಕೈ ಮುಗಿದ, ಎಲ್ಲರ ಪಾತ್ರೆಯನ್ನೂ ನಿರಾಕರಿಸಿದ, ಎಲ್ಲರ ಬಟ್ಟೆಯನ್ನೂ ಇಟ್ಟುಕೊಂಡ. ನೋಟ್‌ಬುಕ್ಕಿನಲ್ಲಿ ಊರು, ಬಟ್ಟೆಯ ಜಾತಿ, ಹೀರುವ ವೇಗ, ಉರಿದ ಬಗೆ ಎಲ್ಲ ಬರೆದುಕೊಂಡ. ಶನಿವಾರ ಸಂಜೆಯ ಹೊತ್ತಿಗೆ ಹನ್ನೊಂದು ಬಟ್ಟೆಗಳಾಗಿದ್ದವು. ಹನ್ನೊಂದರಲ್ಲಿ ಮಣಿಯಾದದ್ದು ಒಂದೂ ಇಲ್ಲ. ಇಂಥ ಅಚ್ಚುಕಟ್ಟಾದ ಫಲಿತಾಂಶವನ್ನು ಅವನು ಕಾಲೇಜಿನ ಲ್ಯಾಬಿನಲ್ಲೂ ಕಂಡಿರಲಿಲ್ಲ.

"ಏನ್ ಸ್ವಾಮಣ್ಣ, ನೆಂಟ್ರು ಜಾತ್ರೆ ಥರ ಬತ್ತಾವ್ರೆ, ಎಲ್ರೂ ಬಯ್ಕಂಡು ಹೋಯ್ತಾವ್ರೆ?" ಎಂದು ಎದುರು ಜಗುಲಿಯಿಂದ ಚಿಕ್ಕಬಸಮ್ಮ ಕೇಳಿದಳು.

"ಬೈಲಿ ಬಿಡಿ, ಬಟ್ಟೆ ಚೆನ್ನಾಗಿದೆ," ಎಂದ ಗುರುಪಾದಸ್ವಾಮಿ.

ಶನಿವಾರ ಸಂಜೆ ರೂಪಶ್ರೀ ಬಸ್ಸಿಳಿದು ಬರುವಾಗ, ತನ್ನ ಅತ್ತಿಗೆಯೊಬ್ಬರು ಬರಿಮೈ ಕಡಾಯಿ ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಸ್ ಸ್ಟ್ಯಾಂಡಿನತ್ತ ಹೋಗುತ್ತಿದ್ದುದನ್ನು ಕಂಡಳು. ಚೀಲವನ್ನು ಶೆಡ್ಡಿನ ಬಾಗಿಲಲ್ಲೇ ಇಳಿಸಿದಳು.

"ಪಾತ್ರೆ ಮುಟ್ಬೇಡಿ ಅಂದೆ."

"ಒಂದನ್ನೂ ಮುಟ್ಟಿಲ್ಲ."

"ಬಟ್ಟೆ?"

"ನೀನು ಹೇಳಿರ್ಲಿಲ್ಲ."

ರೂಪಶ್ರೀ ಒಂದನೇ ತರಗತಿಗೆ ಹತ್ತೊಂಬತ್ತು ವರ್ಷ ಪಾಠ ಮಾಡಿದವಳು. ಆ ತಾಳ್ಮೆ ಅವತ್ತು ಮುಗಿಯಿತು. ಅವಳು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದು ಸಾಧ್ಯವಿಲ್ಲ. ಸಾರಾಂಶ ಇಷ್ಟು: ನಾಳೆ ಗುರುಮಲ್ಲಯ್ಯ ಮಾವ ಸ್ವತಃ ಬರುತ್ತಿದ್ದಾರೆ. ಅವರ ಕೊಳಗ ಎದುರು ಮನೆಯಲ್ಲಿದೆ ಎಂಬುದು ಬಂದುಹೋದ ನೆಂಟರಿಂದ ಅವರಿಗೆ ತಿಳಿದಿದೆ. ಬೀಗವನ್ನೂ ತರುತ್ತಾರೆ.

"ಎಷ್ಟು ಗಂಟೆಗೆ?" ಎಂದು ಕೇಳಿದ ಗುರುಪಾದಸ್ವಾಮಿ.

"ಯಾಕೆ?"

"ಹತ್ತೂವರೆಯೊಳಗೆ ಜೋಡಿಸಿ ಮುಗಿಸ್ತೀನಿ."

ರೂಪಶ್ರೀ ಗಂಡನನ್ನೇ ನೋಡಿದಳು. ಮೊಣಕೈವರೆಗೆ ಕಪ್ಪು, ಕಿವಿಯಲ್ಲಿ ಗ್ರೀಸು, ಮೂರು ದಿನದ ಗಡ್ಡ. ಮದುವೆಯಾದಾಗಿನಿಂದ ಅವನು ತನಗಾಗಿ ಕೇಳಿದ್ದು ಈ ಎತ್ತಿನ ಕೊಟ್ಟಿಗೆಯೊಂದನ್ನೇ ಎಂಬುದು ಅವಳಿಗೆ ನೆನಪಾಯಿತು. ಅದಕ್ಕಾಗಿ ಬೈಗುಳವನ್ನು ನಿಲ್ಲಿಸಲಿಲ್ಲ, ಆದರೆ ಬೈಯುತ್ತಲೇ ಟಾರ್ಚ್ ಹಿಡಿದಳು.

ಭಾನುವಾರ ಗುರುಮಲ್ಲಯ್ಯನವರು ಹತ್ತು ಗಂಟೆಗೇ ಬಂದರು. ಗೂಡ್ಸ್ ಆಟೋದಲ್ಲಿ, ಚಾಲಕನ ಪಕ್ಕ, ಕೆಂಪು ಶಾಲು ಹೊದ್ದು, ಒಂದು ಕೈಯಲ್ಲಿ ಬೀಗ. ಹಿಂದೆ ಒಂದು ದೊಡ್ಡ ಹಂಡೆ. ಅವರ ಮಗಳ ಮದುವೆಯಲ್ಲಿ ಗುರುಪಾದಸ್ವಾಮಿಯ ತಂದೆ ಮುಯ್ಯಿ ಮಾಡಿದ್ದು. ಬಳಗದವರೆಲ್ಲ ಹಳೇ ಬಟ್ಟೆ ಸುತ್ತಿ ತಂದರೆ, ಗುರುಮಲ್ಲಯ್ಯನವರು ನಂಟು ಮುರಿಯುವಾಗಲೂ ಗೌಡಿಕೆ ಬಿಡುವವರಲ್ಲ. ಹಬ್ಬಕ್ಕೆ ಉಡುವ ತಮ್ಮ ಸ್ವಂತ ಪಂಚೆಯಲ್ಲಿ ಅದನ್ನು ಸುತ್ತಿದ್ದರು. ಹತ್ತು ವರ್ಷ ಉಟ್ಟು, ಪ್ರತಿ ಸಲವೂ ಬಿಸಿನೀರಿನಲ್ಲಿ ಒಗೆಸಿದ ಪಂಚೆ.

ಬೀದಿಯವರೆಲ್ಲ ಜಗುಲಿಗೆ ಬಂದು ನಿಂತಿದ್ದರು. ಗುರುಮಲ್ಲಯ್ಯನವರು ಗಂಟಲು ಸರಿಮಾಡಿಕೊಂಡರು.

"ಅಳೀಮಯ್ಯ, ಈಚೆಗ್ ಬನ್ನಿ. ನಾಕ್ ಜನದ ಮುಂದೆ ಮಾತಾಡದದೆ."

ಒಳಗಿನಿಂದ ಗುರುಪಾದಸ್ವಾಮಿ ಬಂದ. ಕಾರ್ಬುರೇಟರ್ ಅವನ ಅಂಗೈಯಲ್ಲಿತ್ತು. ಎಲ್ಲ ಮುಗಿದಿತ್ತು. ಉಳಿದದ್ದು ಆ ರಂಧ್ರದ ಸುತ್ತ ಕೊನೆಯ ಒಂದು ಒರೆಸು. ಹನ್ನೊಂದು ಬಟ್ಟೆಗಳೂ ಕಪ್ಪಾಗಿ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದವು. ಅವನು ಗುರುಮಲ್ಲಯ್ಯನವರ ಮುಖ ನೋಡಲಿಲ್ಲ. ಬೀಗ ನೋಡಲಿಲ್ಲ. ನೇರ ಆಟೋದ ಹಿಂದಕ್ಕೆ ಹೋದ.

"ಮಾವ, ಹಂಡೆ ಬೇಡ. ಈ ಬಟ್ಟೆ..."

"ರೀ!" ಎಂದು ರೂಪಶ್ರೀ ಕಣ್ಣು ಮುಚ್ಚಿಕೊಂಡಳು.

ಪರ್ ಎಂದು ಸದ್ದಾಯಿತು. ಹಬ್ಬದ ಪಂಚೆಯಿಂದ ಒಂದು ಮೊಳ ಅಗಲದ ತುಂಡು ಗುರುಪಾದಸ್ವಾಮಿಯ ಕೈಗೆ ಬಂದಿತ್ತು. ಅವನು ಒರೆಸುತ್ತಾ ಒಳಗೆ ಹೋದ. ಗುರುಮಲ್ಲಯ್ಯನವರ ಬಾಯಿ ತೆರೆದೇ ಇತ್ತು. ಅದರಿಂದ ಮಾತು ಹೊರಡುವ ಹೊತ್ತಿಗೆ ಒಳಗೆ ಸ್ಪ್ಯಾನರ್ ತಿರುಗಿ, ಹಗ್ಗ ಸುತ್ತಿ, ಎಳೆದದ್ದೂ ಆಗಿತ್ತು.

ಎಂಜಿನ್ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಎಂಟು ವರ್ಷ ಬಾಯಿ ಕಟ್ಟಿಕೊಂಡಿದ್ದ ಸಿಟ್ಟನ್ನೆಲ್ಲ ಒಮ್ಮೆಲೇ ಕಾರಿದಂತೆ ಡಬಡಬಡಬ ಎಂದು ಕೂಗತೊಡಗಿತು.

ಗುರುಮಲ್ಲಯ್ಯನವರು ಮಾತಾಡುತ್ತಿದ್ದರು. ಕೈ ಎತ್ತಿದರು, ಬೀಗ ತೋರಿಸಿದರು, ಹಂಡೆಯತ್ತ ಬೆರಳು ಮಾಡಿದರು, ಎದೆ ಬಡಿದುಕೊಂಡರು, ಮೂರು ತಲೆಮಾರಿನ ನಂಟನ್ನು ಆಕಾಶದತ್ತ ಕೈ ತೂರಿ ಮುರಿದರು. ಒಂದಕ್ಷರ ಯಾರಿಗೂ ಕೇಳಿಸಲಿಲ್ಲ. ಎಣ್ಣೆಯ ನಲ್ಲಿ ತಿರುಗಿಸಿದ್ದರೆ ಎಂಜಿನ್ ಅರೆ ನಿಮಿಷದಲ್ಲಿ ನಿಲ್ಲುತ್ತಿತ್ತು. ಗುರುಪಾದಸ್ವಾಮಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವನು ತಿರುಗಿಸಲಿಲ್ಲ.

ಆ ಹೊತ್ತಿಗೆ ಬೀದಿಯ ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ಚಿಕ್ಕಬಸಮ್ಮ ತುಂಬಿದ ಕೊಳಗವನ್ನು ಸೊಂಟದಲ್ಲಿಟ್ಟುಕೊಂಡು, ಈ ಮೂಕ ಜಗಳ ನೋಡಲು ಆಟೋದ ಪಕ್ಕಕ್ಕೇ ಬಂದು ನಿಂತಳು. ಗುರುಮಲ್ಲಯ್ಯನವರ ಕೈ ಗಾಳಿಯಲ್ಲೇ ನಿಂತಿತು. ಅವರ ಕಣ್ಣೆದುರೇ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೆಳಗಿದ ಕೊಳಗದ ಕಂಠದಲ್ಲಿ, ಅವರ ಹೆಸರು ಬಿಸಿಲಿಗೆ ಹೊಳೆಯುತ್ತಿತ್ತು.

ಎಣ್ಣೆ ಮುಗಿದು ಎಂಜಿನ್ ನಿಂತಿತು.

"ಅದು ನನ್ ಕೊಳಗ ಕಣಮ್ಮ," ಎಂದರು ಗುರುಮಲ್ಲಯ್ಯನವರು.

ಚಿಕ್ಕಬಸಮ್ಮ ಕೊಳಗವನ್ನು ಇನ್ನಷ್ಟು ಭದ್ರವಾಗಿ ಅವುಚಿಕೊಂಡಳು. "ವ್ಯಾಪಾರ ಮಾಡಿ ತಕಂಡಿದ್ದು ಕಣಣ್ಣ, ವಾಪಸ್ ಕೊಡಕಾಗಕಿಲ್ಲ. ಇಂಥ ದಪ್ಪ ತಗಡು ಈ ಕಾಲ್ದಲ್ಲಿ ಎಲ್ ಸಿಕ್ಕದು? ನಲ್ಲಿತಾವು ಎಲ್ರೂ ಕೇಳ್ತರೆ, ಯಾರಮ್ಮಿ ಈ ಹರದನಹಳ್ಳಿ ಗುರುಮಲ್ಲಯ್ಯ, ಭಾರಿ ಕುಳ ಇರ್ಬೇಕು ಅಂತ. ನೀವೇಯಾ?"

ಗುರುಮಲ್ಲಯ್ಯನವರು ಶಾಲು ಸರಿಮಾಡಿಕೊಂಡರು. "ಊ. ನಾನೇಯ."

"ಹೆಸ್ರು ನೋಡಿ, ಎಷ್ಟ್ ದುಂಡಗೆ ಕೆತ್ಸಿದಿರಿ."

"ಮೈಸೂರಲ್ಲಿ ಕೆತ್ಸಿದ್ದು," ಎಂದು ಗುರುಮಲ್ಲಯ್ಯನವರು ರೂಪಶ್ರೀಯ ಕಡೆ ತಿರುಗಿದರು. "ಇಪ್ಪತ್ತೆರಡು ವರ್ಷ ನಿನ್ ಅಟ್ಟದ ಮ್ಯಾಲಿತ್ತಲ್ಲವ್ವ ಇದು. ಅಲ್ಲಿ ಎಷ್ಟ್ ಜನ ಓದಿದ್ರು?"

ರೂಪಶ್ರೀ ತಲೆ ತಗ್ಗಿಸಿದಳು.

"ಜಿರಳೆ ಓದಿರ್ಬಹುದು ಮಾವ," ಎಂದ ಗುರುಪಾದಸ್ವಾಮಿ. ಹೆಂಡತಿಯ ಮೊಣಕೈ ಅವನ ಪಕ್ಕೆಗೆ ತಾಗಿತು.

ಗುರುಮಲ್ಲಯ್ಯನವರು ಕೊಳಗವನ್ನೊಮ್ಮೆ, ಎಂಜಿನ್ನನ್ನೊಮ್ಮೆ ನೋಡಿದರು. ಕೊನೆಗೆ ಬೀಗವನ್ನು ಜೇಬಿಗೆ ಇಳಿಬಿಟ್ಟರು.

"ಕೂಗ್ಬೇಕು ಅಂದಿದ್ದೆ, ಕೂಗ್ತು. ಶೆಡ್ ನಿಮ್ದು. ಆಡಿದ್ ಮಾತು ಆಡಿದ್ದೆ. ಕೊಳಗ ಆ ಯಮ್ಮನತ್ರನೇ ಇರ್ಲಿ, ನಾಕ್ ಜನ ಓದ್ಲಿ. ಆದ್ರೆ ನಂಟ್ರ ಪಾತ್ರೆ ಬಟ್ಟೆ ಬಿಚ್ಚಿ ಕಳ್ಸಿದ್ರಲ್ಲ, ಅದ್ಕೆ ತಪ್ಪುದಂಡ ಕಟ್ಬೇಕು. ಹನ್ನೊಂದ್ ಮನೆಗೂ ಹೊಸ ಬಟ್ಟೆ ತಕಂಡು, ನೀವೇ ಓಗಿ, ಕೈಯಾರೆ ಕೊಟ್ಟು ಬರ್ಬೇಕು. ಹತ್ತಿ ಬಟ್ಟೆಯೇ ಆಗ್ಬೇಕು. ನಂದು ಸೇರಿ ಹನ್ನೆರಡು." ಅವರು ಹರಿದ ಪಂಚೆಯ ಅಂಚನ್ನು ಬೆರಳಿನಿಂದ ಸವರಿದರು. "ಹಬ್ಬದ ಪಂಚೆ ಕಣಯ್ಯ ಅದು..."

ಸೋಮವಾರ ಗಂಡ ಹೆಂಡತಿ ಬಟ್ಟೆ ಅಂಗಡಿಯಲ್ಲಿ ಕೂತು ಪಂಚೆ, ಸೀರೆ ಆರಿಸಿದರು. ಬಿಲ್ಲಿನ ಮೊತ್ತಕ್ಕೆ ಒಂದು ಮೂಟೆಯಲ್ಲ, ಇಡೀ ಹಾರ್ಡ್‌ವೇರ್ ಅಂಗಡಿಯ ಬನಿಯನ್ ವೇಸ್ಟ್ ಬರುತ್ತಿತ್ತು. ರೂಪಶ್ರೀ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಬಿಲ್ಲನ್ನು ಗಂಡನ ಅಂಗಿಯ ಜೇಬಿಗೆ ಮಡಿಸಿ ತುರುಕಿದಳು. ಗುರುಪಾದಸ್ವಾಮಿ ಮಾತ್ರ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಅಂಗಡಿಯವನು ಅತ್ತ ತಿರುಗಿದಾಗಲೆಲ್ಲ ಒಂದೊಂದು ಎಳೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಮೊದಲು ಹಂಗಳಕ್ಕೆ ಹೋದರು. ದೊಡ್ಡಮಲ್ಲಮ್ಮ ಮುಖ ಅತ್ತ ತಿರುಗಿಸಿಕೊಂಡೇ ಹೊಸ ಸೀರೆಯನ್ನು ಮಡಿಲಿಗೆ ಹಾಕಿಸಿಕೊಂಡರು.

"ದೊಡ್ಡಮ್ಮ, ತಪ್ಪಾಯ್ತು," ಎಂದ ಗುರುಪಾದಸ್ವಾಮಿ, ಮನಃಪೂರ್ವಕವಾಗಿ. ಆಮೇಲೆ ಸ್ವಲ್ಪ ಹತ್ತಿರ ಜರುಗಿದ. "ಇದನ್ನ ಪೆಟ್ಟಿಗೇಲಿ ಮಡಗ್ಬೇಡಿ. ದಿನಾ ಉಟ್ಕೊಳ್ಳಿ. ಬಿಸಿನೀರಲ್ಲಿ ಒಗೀರಿ. ಗಂಜಿ ಹಾಕ್ಬೇಡಿ."

ದೊಡ್ಡಮಲ್ಲಮ್ಮನವರ ಮುಖ ಇತ್ತ ತಿರುಗಿತು. ಕಣ್ಣು ತುಂಬಿ ಬಂದಿತ್ತು.

"ನೋಡವ್ವ ರೂಪ," ಎಂದರು, ಅವನ ತಲೆ ಸವರುತ್ತಾ. "ನನ್ ಹೊಟ್ಟೇಲಿ ಹುಟ್ಟಿದೋರೂ ಒಂದಿನ ಇಂಗೆ ಹೇಳ್ನಿಲ್ಲ. ಎಂಥಾ ಅಕ್ಕರೆ ಇವನ್ಗೆ!"

ರೂಪಶ್ರೀ ಗಂಡನ ಕಡೆ ನೋಡಿದಳು. ಗುರುಪಾದಸ್ವಾಮಿ ಜೇಬಿನಿಂದ ನೋಟ್‌ಬುಕ್ ತೆಗೆದು, ಹೊಸ ಪುಟದಲ್ಲಿ "ಹಂಗಳ, ಸೀರೆ ಒಂದು" ಎಂದು ಬರೆದು, ಅದರ ಮುಂದೆ ಹತ್ತು ವರ್ಷದಾಚೆಯ ಇಸವಿಯನ್ನು ಸಣ್ಣ ಅಕ್ಷರದಲ್ಲಿ ನಮೂದಿಸುತ್ತಿದ್ದ.